ಯಾವ ಸ್ಕೇಲ್ ಹಿಡಿಯಲಿ? ಗೋಣಿಕೊಪ್ಪದ ಓದುಗರಿಗೆ ಉತ್ತರ

ಪ್ರಶ್ನೆ: ನಮ್ಮದು ಗೋಣಿಕೊಪ್ಪ ಹತ್ತಿರ ಕಾಫಿ ತೋಟ. ಏಳನೇ ಕ್ಲಾಸ್ ಓದುವ ಮಗನ ಜೊತೆ ಪ್ಲಾಸ್ಟಿಕ್ ಮಿಲಿಟರಿ ಮಾಡೆಲ್ ಕಟ್ಟಲು ಶುರು ಮಾಡಿದ್ದೇನೆ. 1/72 ಸ್ಪಿಟ್‌ಫೈರ್ ಒಂದು, 1/35 ಜೀಪ್ ಒಂದು ಮುಗಿಯಿತು. ಪಕ್ಕಪಕ್ಕ ಇಟ್ಟರೆ ಜೀಪಿನ ಡ್ರೈವರ್ ಆ ವಿಮಾನದೊಳಗೆ ಹಿಡಿಯುವುದೇ ಇಲ್ಲ! ಇನ್ನು ಮುಂದೆ ನಮ್ಮ ಸೇನೆಯ, ಅದರಲ್ಲೂ ಕೊಡಗಿನವರಿಗೆ ಸಂಬಂಧಪಟ್ಟ ಟ್ಯಾಂಕು, ವಿಮಾನ ಕಟ್ಟುವ ಆಸೆ. ನನ್ನ ಅಜ್ಜ ಆರ್ಟಿಲರಿಯಲ್ಲಿ 25 ಪೌಂಡರ್ ಗನ್ (ಫಿರಂಗಿ) ಮೇಲೆ ಇದ್ದವರು, ಅದೂ ಬೇಕು. ಇಡಲು ಇರುವುದು ಹಾಲ್‌ನ ಗಾಜಿನ ಶೋಕೇಸ್, ಒಂದು ಅಡಿ ಆಳ. ಯಾವ ಸ್ಕೇಲ್‌ಗೆ ಅಂಟಿಕೊಳ್ಳುವುದು ಒಳ್ಳೆಯದು? ಮಳೆಗಾಲದಲ್ಲಿ ಬಣ್ಣ ಒಣಗುವುದೇ ಇಲ್ಲ, ಅದಕ್ಕೇನಾದರೂ ದಾರಿ ಇದೆಯಾ?

ಉತ್ತರ: ನೇರವಾಗಿ ಹೇಳುತ್ತೇನೆ. ನಿಮಗೆ 1/72, ಅಂದರೆ ನಿಜವಾದದ್ದರ ಎಪ್ಪತ್ತೆರಡನೇ ಒಂದು ಪಾಲು ಅಳತೆ. ಅಜ್ಜನ ಗನ್ ಮಾತ್ರ 1/35. ಯಾಕೆ ಅಂತ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಕಾರಣ ಗೊತ್ತಿಲ್ಲದೆ ಸ್ಕೇಲ್ ಆರಿಸಿದವರು ಮೂರನೇ ಕಿಟ್ ಹೊತ್ತಿಗೆ ಬದಲಾಯಿಸಿಬಿಡುತ್ತಾರೆ.

ತುಂಬಾ ಜನ ಕೇಳುವುದು "ಯಾವ ಸ್ಕೇಲ್‌ನಲ್ಲಿ ಡೀಟೇಲ್ ಚೆನ್ನಾಗಿರುತ್ತದೆ?" ಅಂತ. ಒಂದೇ ಒಂದು ಮಾಡೆಲ್ ಕಟ್ಟುವವರಿಗೆ ಆ ಪ್ರಶ್ನೆ ಸಾಕು. ನೀವು ಒಂದು ಶೋಕೇಸ್ ತುಂಬಿಸಲು ಹೊರಟಿದ್ದೀರಿ. ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ: ಯಾವುದರ ಪಕ್ಕದಲ್ಲಿ ಯಾವುದು ನಿಲ್ಲಬೇಕು? ನಿಮ್ಮ ಸ್ಪಿಟ್‌ಫೈರ್ ಕೆಟ್ಟದಾಗಿಲ್ಲ, ಜೀಪೂ ಕೆಟ್ಟದಾಗಿಲ್ಲ. ಎರಡು ಅಳತೆ ಒಂದೇ ಹಲಗೆ ಮೇಲೆ ನಿಂತಿರುವುದೇ ತೊಂದರೆ.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಅವರ ಕಥೆ ನಿಮ್ಮ ಮಗನಿಗೆ ಗೊತ್ತಿರಬಹುದು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲಿನ ದಾಳಿಗೆ ಹೋದವರು. ಅವರು ಹಾರಿಸಿದ್ದು ಫ್ರಾನ್ಸ್‌ನ ಮಿಸ್ಟೇರ್ ನಾಲ್ಕು-ಎ. ಎದುರಿಗೆ ಬಂದದ್ದು ಪಾಕಿಸ್ತಾನದ ಕೈಯಲ್ಲಿದ್ದ ಅಮೆರಿಕದ ಎಫ್-104 ಸ್ಟಾರ್‌ಫೈಟರ್, ಶಬ್ದದ ಎರಡು ಪಟ್ಟು ವೇಗದ ವಿಮಾನ. ಮಿಸ್ಟೇರ್ ಮಟ್ಟವಾಗಿ ಹಾರುವಾಗ ಶಬ್ದದ ವೇಗವನ್ನೂ ದಾಟುವುದಿಲ್ಲ. ಏಟು ತಿಂದ ವಿಮಾನದಲ್ಲೇ ದೇವಯ್ಯ ತಿರುಗಿ ಹೋರಾಡಿದರು. ಸ್ಟಾರ್‌ಫೈಟರ್ ಉರುಳಿತು, ಅದರ ಪೈಲಟ್ ಪ್ಯಾರಾಶೂಟ್‌ನಲ್ಲಿ ಇಳಿದ. ದೇವಯ್ಯ ಮರಳಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಮರಣೋತ್ತರವಾಗಿ.

ಈಗ ಆ ಎರಡು ವಿಮಾನಗಳನ್ನು 1/72ರಲ್ಲಿ ಯೋಚಿಸಿ. ಮಿಸ್ಟೇರ್ ಉದ್ದ ಸುಮಾರು 178 ಮಿ.ಮೀ., ರೆಕ್ಕೆಯ ಹರವು 154. ಸ್ಟಾರ್‌ಫೈಟರ್ ಉದ್ದ 231 ಮಿ.ಮೀ., ಹರವು ಬರೀ 92. ಒಂದರ ಪಕ್ಕ ಒಂದು ಇಟ್ಟ ಕೂಡಲೇ ಕಣ್ಣಿಗೆ ಬೀಳುತ್ತದೆ: ಒಂದು ಅಗಲ ರೆಕ್ಕೆಯ ದುಂಡು ಮೂಗಿನ ವಿಮಾನ, ಇನ್ನೊಂದು ರೆಕ್ಕೆಯೇ ಇಲ್ಲದಂತಿರುವ ಉದ್ದನೆಯ ಭರ್ಜಿ. ಬರೀ ವೇಗಕ್ಕೆ ಮಾಡಿದ ವಿಮಾನ, ತಿರುವಿನ ಹೋರಾಟಕ್ಕೆ ಇಳಿದರೆ ಯಾಕೆ ತಡವರಿಸುತ್ತದೆ ಅನ್ನುವುದನ್ನು ನೀವು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮಿಸ್ಟೇರ್ 1/72, ಸ್ಟಾರ್‌ಫೈಟರ್ 1/48 ಆದರೆ ಈ ಕಥೆಯೇ ಹೋಯಿತು. ಎರಡೂ ಚೆಂದದ ಮಾಡೆಲ್ ಆಗಿ ಉಳಿಯುತ್ತವೆ, ಅಷ್ಟೆ.

ಜನರಲ್ ತಿಮ್ಮಯ್ಯ ಅವರದ್ದು ಇನ್ನೂ ಗಟ್ಟಿ ಉದಾಹರಣೆ. 1948ರ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಲೇಹ್‌ನ ಹೊಸ ಏರ್‌ಸ್ಟ್ರಿಪ್ ಮೇಲೆ ಡಕೋಟಾ ಸಾಗಣೆ ವಿಮಾನ ಇಳಿಸಿದಾಗ ಒಳಗೆ ತಿಮ್ಮಯ್ಯ ಇದ್ದರು. ಅದೇ ವರ್ಷ ನವೆಂಬರ್ 1ರಂದು ಕಾಶ್ಮೀರದ ಜೋಜಿಲಾ ಕಣಿವೆದಾರಿಯ ಕಾಳಗ. ಮೂರೂವರೆ ಸಾವಿರ ಮೀಟರ್ ಎತ್ತರಕ್ಕೆ 7ನೇ ಕ್ಯಾವಲ್ರಿಯ ಸ್ಟೂವರ್ಟ್ ಟ್ಯಾಂಕುಗಳು ಹತ್ತಿದವು. ಟ್ಯಾಂಕು ಬರುತ್ತಿದೆ ಅಂತ ಶತ್ರುವಿಗೆ ಸುಳಿವು ಸಿಗಬಾರದು ಅಂತ ದಾರಿಯಲ್ಲಿ ಟರೆಟ್ (ಗನ್ ಇರುವ, ತಿರುಗುವ ಮೇಲ್ಭಾಗ) ಬಿಚ್ಚಿ ಸಾಗಿಸಿದ್ದರು. ತಿಮ್ಮಯ್ಯ ಎಲ್ಲಕ್ಕಿಂತ ಮುಂದಿದ್ದ ಟ್ಯಾಂಕಿನಲ್ಲೇ ಇದ್ದರು.

ಡಕೋಟಾ ಮತ್ತು ಸ್ಟೂವರ್ಟ್. ನಿಮ್ಮ ಶೋಕೇಸ್‌ನಲ್ಲಿ ಇವೆರಡೂ ಇರಲೇಬೇಕು ಅಲ್ವಾ? ಲೆಕ್ಕ ಹಾಕೋಣ. ಡಕೋಟಾ ರೆಕ್ಕೆ ನಿಜದಲ್ಲಿ 95 ಅಡಿ, ಅಂದರೆ ಸುಮಾರು 29 ಮೀಟರ್. 1/35ರಲ್ಲಿ ಅದು 827 ಮಿ.ಮೀ. ಆಗುತ್ತದೆ, ಊಟದ ಮೇಜೇ ಬೇಕು. 1/48ರಲ್ಲಿ 603. 1/72ರಲ್ಲಿ 402, ಉದ್ದ 270. ಮೂಗು ಮುಂದಕ್ಕೆ ಮಾಡಿ ಇಟ್ಟರೆ ಒಂದಡಿ ಆಳದ ಶೋಕೇಸ್‌ನಲ್ಲಿ ಕೂರುತ್ತದೆ. ಸ್ಟೂವರ್ಟ್ 1/72ರಲ್ಲಿ 67 ಮಿ.ಮೀ., ಅಂಗೈಯಲ್ಲಿ ಹಿಡಿಯುವಷ್ಟು. ಡಕೋಟಾ ರೆಕ್ಕೆ ಕೆಳಗೆ ಅದನ್ನು ಇಟ್ಟಾಗ ಆ ಟ್ಯಾಂಕು ಎಷ್ಟು ಚಿಕ್ಕದು, ಅಷ್ಟು ಚಿಕ್ಕದು ಜೋಜಿಲಾದಲ್ಲಿ ಎಷ್ಟು ಕೆಲಸ ಮಾಡಿತು ಅನ್ನುವುದು ಮಗನಿಗೆ ತಾನಾಗಿಯೇ ಗೊತ್ತಾಗುತ್ತದೆ.

ವಿಮಾನ ಮತ್ತು ಟ್ಯಾಂಕ್ ಎರಡನ್ನೂ ಪ್ರೀತಿಸುವವರಿಗೆ ಈ ಹವ್ಯಾಸದಲ್ಲಿ ಒಂದು ಕಷ್ಟ ಹಳೆಯ ಕಾಲದಿಂದಲೂ ಇದೆ. ವಿಮಾನದ ಸ್ಕೇಲ್‌ಗಳು ಇಂಚಿನ ಲೆಕ್ಕದಿಂದ ಬಂದವು. ಆರು ಅಡಿಗೆ ಒಂದು ಇಂಚು ಅಂದರೆ 1/72. ಒಂದು ಅಡಿಗೆ ಕಾಲು ಇಂಚು ಅಂದರೆ 1/48. 1/72ನ್ನು 1930ರ ದಶಕದಲ್ಲೇ ಬ್ರಿಟನ್ನಿನ ಸ್ಕೈಬರ್ಡ್ಸ್, ಫ್ರಾಗ್ ಕಂಪನಿಗಳು ಗಟ್ಟಿ ಮಾಡಿದವು. ಟ್ಯಾಂಕಿನ 1/35 ಹುಟ್ಟಿದ್ದು ಬೇರೆ ಥರ. ಜಪಾನಿನ ತಮಿಯಾ 1961ರಲ್ಲಿ ಪ್ಯಾಂಥರ್ ಟ್ಯಾಂಕ್ ಮಾಡುವಾಗ ಒಳಗೆ ಮೋಟಾರು, ಬ್ಯಾಟರಿ ಹಿಡಿಯಬೇಕಿತ್ತು. ಅವು ಹಿಡಿಯುವಷ್ಟು ಗಾತ್ರ ಮಾಡಿದರು. ಆಮೇಲೆ ಅಳೆದರೆ ಹೆಚ್ಚು ಕಡಿಮೆ 1/35 ಬಂತು. ಇಡೀ ಜಗತ್ತು ಇವತ್ತಿಗೂ ಆ ಬ್ಯಾಟರಿಯ ಅಳತೆಯನ್ನೇ ಅನುಸರಿಸುತ್ತಿದೆ! ಹೀಗಾಗಿ 1/35ರಲ್ಲಿ ಟ್ಯಾಂಕು ರಾಶಿ, ವಿಮಾನ ಬೆರಳೆಣಿಕೆ. 1/48ರಲ್ಲಿ ವಿಮಾನ ರಾಶಿ, ಟ್ಯಾಂಕು ಕಡಿಮೆ. ಎರಡೂ ಧಾರಾಳವಾಗಿ ಸಿಗುವುದು 1/72ರಲ್ಲಿ.

ಭಾರತದ ವಿಷಯ ಹಿಡಿದವರಿಗೆ ಇದು ಇನ್ನೂ ಮುಖ್ಯ. ಜರ್ಮನ್ ಟೈಗರ್ ಟ್ಯಾಂಕು ಎಲ್ಲ ಸ್ಕೇಲ್‌ನಲ್ಲೂ ಸಿಗುತ್ತದೆ. ನ್ಯಾಟ್, ಅಜೀತ್, ಮಿಸ್ಟೇರ್ ಥರದವು ಹಾಗಲ್ಲ. ಇಂಥ ಅಪರೂಪದ ವಿಮಾನಗಳಿಗೆ ಕಿಟ್ ಮಾಡುವವರು ಮೊದಲು ನೋಡುವುದು 1/72 ಕಡೆಗೇ. ಚೆಕ್ ದೇಶದ ಸ್ಪೆಷಲ್ ಹಾಬಿ ನ್ಯಾಟ್ ಯುದ್ಧವಿಮಾನವನ್ನೂ ನಮ್ಮ ಅಜೀತ್ ಅನ್ನೂ ತಂದದ್ದು 1/72ರಲ್ಲಿ. ಡಕೋಟಾ ಏರ್‌ಫಿಕ್ಸ್‌ನದ್ದಿದೆ. ಸ್ಟೂವರ್ಟ್ ಎಂ5 ಪೋಲೆಂಡಿನ ಮಿರಾಜ್ ಹಾಬಿಯದ್ದಿದೆ. ಹಂಟರ್ ಯುದ್ಧವಿಮಾನ ಬೇಕಾದರೆ ರೆವೆಲ್‌ನದ್ದು ತುಂಬಾ ಒಳ್ಳೆಯ ಕಿಟ್. 1965ರಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ ಹಾರಿಸುತ್ತಿದ್ದದ್ದು ಹಂಟರನ್ನೇ. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಅದಕ್ಕೂ ಜಾಗ ಇರಲಿ.

ಒಂದು ಎಚ್ಚರಿಕೆ. 1/76 ಅನ್ನುವ ಸ್ಕೇಲ್ ಇದೆ. ಆಟಿಕೆ ರೈಲಿನ ಅಳತೆಯಿಂದ, ಒಂದು ಅಡಿಗೆ ನಾಲ್ಕು ಮಿ.ಮೀ. ಲೆಕ್ಕದಲ್ಲಿ ಬಂದದ್ದು. ಏರ್‌ಫಿಕ್ಸ್‌ನ ಹಳೆಯ ಟ್ಯಾಂಕು, ಲಾರಿ, ಗನ್ ಎಲ್ಲ ಇದೇ. ಅಂಗಡಿಯವರು 1/72 ಜೊತೆಯಲ್ಲೇ ಇಟ್ಟು ಮಾರುತ್ತಾರೆ. ವ್ಯತ್ಯಾಸ ಸುಮಾರು ನೂರಕ್ಕೆ ಐದು. ವಿಮಾನದ ಪಕ್ಕ ಇಟ್ಟರೆ ಯಾರಿಗೂ ತಿಳಿಯುವುದಿಲ್ಲ, ಆದರೆ ಅದೇ ಟ್ಯಾಂಕಿನ 1/72 ಪಕ್ಕ ಇಟ್ಟರೆ ತಿಳಿಯುತ್ತದೆ. ಡಬ್ಬದ ಮೇಲಿನ ಅಂಕಿ ನೋಡಿಯೇ ಕೊಳ್ಳಿ.

ಹಾಗಾದರೆ 1/72ರಲ್ಲಿ ಕೊರತೆ ಇಲ್ಲವೇ? ಇದೆ. ಪ್ಲಾಸ್ಟಿಕ್ ಅಚ್ಚು ಒಂದು ಮಿತಿಗಿಂತ ತೆಳ್ಳಗೆ ಬರುವುದಿಲ್ಲ. ಅರ್ಧ ಮಿ.ಮೀ. ದಪ್ಪದ ಒಂದು ತಗಡು 1/72ರಲ್ಲಿ ನಿಜವಾದ 36 ಮಿ.ಮೀ. ದಪ್ಪಕ್ಕೆ ಸಮ. 1/35ರಲ್ಲಿ ಅದೇ 17.5ಕ್ಕೆ ಸಮ. ಅಂದರೆ ಟ್ಯಾಂಕಿನ ಮಡ್‌ಗಾರ್ಡು, ವಿಮಾನದ ಚಕ್ರದ ಬಾಗಿಲು ಇವೆಲ್ಲ ಸಣ್ಣ ಸ್ಕೇಲ್‌ನಲ್ಲಿ ದಪ್ಪಗೆ ಕಾಣುತ್ತವೆ. ಅಂಚನ್ನು ಒಳಗಡೆಯಿಂದ ಎಮರಿ ಪೇಪರ್‌ನಲ್ಲಿ ಓರೆಯಾಗಿ ತೇಯ್ದರೆ ಕಣ್ಣಿಗೆ ತೆಳ್ಳಗೆ ಕಾಣುತ್ತದೆ. 600 ನಂಬರಿನಲ್ಲಿ ಶುರು ಮಾಡಿ 1000ಕ್ಕೆ ಮುಗಿಸಿ. ಎಲ್ಲ ಅಂಚಿಗೂ ಬೇಡ, ಎದುರಿಗೆ ಕಾಣುವ ಅಂಚಿಗೆ ಮಾತ್ರ ಸಾಕು.

ಎರಡನೇ ಕೊರತೆ ಬಿಡಿಭಾಗಗಳ ಗಾತ್ರ. ಮಗನ ಕಣ್ಣಿಗೆ ತೊಂದರೆ ಇಲ್ಲ. ನಿಮಗೆ ನಲವತ್ತು ದಾಟಿದ್ದರೆ ತಲೆಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಒಂದು ತೆಗೆದುಕೊಳ್ಳಿ, ಒಳ್ಳೆಯ ಚಿಮಟ ಒಂದು ತೆಗೆದುಕೊಳ್ಳಿ. ಟ್ಯಾಂಕಿನ ಚೈನು 1/72ರಲ್ಲಿ ನಿಜವಾಗಿಯೂ ತಾಳ್ಮೆ ಕೇಳುತ್ತದೆ. ಅದಕ್ಕೇ ಮಗನಿಗೆ ಮೊದಲು ವಿಮಾನ ಕೊಡಿ, ಟ್ಯಾಂಕು ನೀವು ಇಟ್ಟುಕೊಳ್ಳಿ. ಸ್ಪೆಷಲ್ ಹಾಬಿಯಂಥ ಕಡಿಮೆ ಸಂಖ್ಯೆಯಲ್ಲಿ ಅಚ್ಚಾಗುವ ಕಿಟ್‌ಗಳನ್ನೂ ಅವನಿಗೆ ಈಗಲೇ ಕೊಡಬೇಡಿ. ಅವುಗಳಲ್ಲಿ ಭಾಗಗಳನ್ನು ಕೂಡಿಸುವ ಗೂಟಗಳು ಎಷ್ಟೋ ಸಲ ಇರುವುದಿಲ್ಲ, ನಾವೇ ತೇಯ್ದು ಹೊಂದಿಸಬೇಕು. ಮೊದಲು ರೆವೆಲ್ ಹಂಟರ್, ಆಮೇಲೆ ನ್ಯಾಟ್.

ಬಣ್ಣದ ವಿಷಯದಲ್ಲೂ ಸಣ್ಣ ಸ್ಕೇಲ್‌ಗೆ ಬೇರೆ ಕೈ ಬೇಕು. ನಿಜವಾದ ಟ್ಯಾಂಕಿನ ಹಸಿರನ್ನೇ ತಂದು 1/72ಕ್ಕೆ ಬಳಿದರೆ ಕಪ್ಪಗೆ, ಭಾರವಾಗಿ ಕಾಣುತ್ತದೆ. ಸಣ್ಣ ಮಾಡೆಲ್ ನೋಡುವುದೆಂದರೆ ದೂರದಿಂದ ನಿಜವಾದದ್ದನ್ನು ನೋಡಿದ ಹಾಗೆ. ದೂರ ಹೋದಷ್ಟೂ ಬಣ್ಣ ತೆಳುವಾಗುತ್ತದೆ. ಅದಕ್ಕೆ ಸ್ವಲ್ಪ ಬಿಳಿ ಅಥವಾ ತಿಳಿ ಬೂದು ಬೆರೆಸಿ. 1/35ಕ್ಕೆ ಇಷ್ಟು ಬೆರೆಸುವುದು ಬೇಡ.

ಇನ್ನು ಮಳೆಯ ಪ್ರಶ್ನೆ. ನಿಮ್ಮ ಕಡೆ ಸ್ಕೇಲ್ ಆರಿಸುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಅಳತೆ ಒಂದೂವರೆ ಪಟ್ಟಾದರೆ ಬಣ್ಣ ಹಚ್ಚಬೇಕಾದ ಮೈ ಎರಡೂಕಾಲು ಪಟ್ಟಾಗುತ್ತದೆ. 1/72ರಿಂದ 1/48ಕ್ಕೆ ಹೋದರೆ ಆಗುವುದು ಇದೇ. 1/35ಕ್ಕೆ ಹೋದರೆ ನಾಲ್ಕು ಪಟ್ಟಿಗೂ ಮೇಲೆ. ದೊಡ್ಡ ಮೈಗೆ ಏರ್‌ಬ್ರಷ್ ಬೇಕು, ಏರ್‌ಬ್ರಷ್‌ಗೆ ಕಂಪ್ರೆಸರ್ ಬೇಕು, ಕಂಪ್ರೆಸರ್‌ಗೆ ಕರೆಂಟ್ ಬೇಕು. ಕಕ್ಕಡದ ಜಡಿಮಳೆ ತಿಂಗಳಲ್ಲಿ ನಿಮ್ಮಲ್ಲಿ ಕರೆಂಟ್ ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. 1/72ರ ಟ್ಯಾಂಕು, ಸಣ್ಣ ಫೈಟರ್ ಇವನ್ನು ಮೆತ್ತನೆಯ ಚಪ್ಪಟೆ ಬ್ರಷ್‌ನಿಂದ ಕೈಯಲ್ಲೇ ಚೆನ್ನಾಗಿ ಮುಗಿಸಬಹುದು. ಬಣ್ಣ ತೆಳ್ಳಗೆ ಮಾಡಿ, ಎರಡು ಮೂರು ಪದರ, ಪ್ರತಿ ಪದರ ಪೂರ್ತಿ ಒಣಗಿದ ಮೇಲೆ ಮುಂದಿನದ್ದು.

ಮಳೆಗಾಲದಲ್ಲಿ ಸ್ಪ್ರೇ ಮಾಡಿದ ಲ್ಯಾಕರ್ ಬಣ್ಣ ಬೆಳ್ಳಗಾಗುವುದು ಯಾಕೆ ಗೊತ್ತಾ? ಥಿನ್ನರ್ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿರುವ ತೇವ ಆ ತಣ್ಣನೆ ಮೈ ಮೇಲೆ ಇಳಿದು ಬಣ್ಣದೊಳಗೇ ಸಿಕ್ಕಿಕೊಳ್ಳುತ್ತದೆ. ಮ್ಯಾಟ್ ವಾರ್ನಿಷ್‌ನಲ್ಲಿ ಇದು ಇನ್ನೂ ಜಾಸ್ತಿ. ವಾರಗಟ್ಟಲೆ ಮಾಡಿದ ಕೆಲಸದ ಮೇಲೆ ಕೊನೆಯ ದಿನ ಬೂದಿ ಎರಚಿದ ಹಾಗೆ ಆಗಿಬಿಡುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕತ್ತರಿಸುವುದು, ಅಂಟಿಸುವುದು, ಪುಟ್ಟಿ ತುಂಬುವುದು, ತೇಯುವುದು ಇಷ್ಟೇ ಇಟ್ಟುಕೊಳ್ಳಿ. ಬೇಕಿದ್ದರೆ ಒಳಗಿನ ಕಾಕ್‌ಪಿಟ್‌ನಂಥ ಸಣ್ಣ ಭಾಗಗಳಿಗೆ ಬ್ರಷ್‌ನಲ್ಲಿ ನೀರಿನ ಅಕ್ರಿಲಿಕ್ ಬಣ್ಣ ಹಚ್ಚಿ, ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬದಲ್ಲಿ ಇಟ್ಟು ಒಣಗಿಸಿ. ಒಲೆಯ ಮೇಲೆ, ಹೊಗೆ ಅಟ್ಟದ ಹತ್ತಿರ ಇಡಲೇಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಹೊರಮೈ ಬಣ್ಣಕ್ಕೆ ಒಳ್ಳೆಯ ಕಾಲ ಒಣಹವೆಯ ಚಳಿಗಾಲ. ಆದರೆ ನಿಮ್ಮ ಕಡೆ ರೋಬಸ್ಟಾ ಜಾಸ್ತಿ, ಜನವರಿ ಫೆಬ್ರವರಿ ಪೂರ್ತಿ ಕೊಯ್ಲು, ಕಣದ ಕೆಲಸ. ಹವೆ ಚೆನ್ನಾಗಿರುವಾಗ ನಿಮಗೆ ಪುರುಸೊತ್ತು ಇರುವುದಿಲ್ಲ. ಉಳಿಯುವುದು ಎರಡು ಸಣ್ಣ ಅವಧಿ. ತುಲಾ ಸಂಕ್ರಮಣ ಕಳೆದು ಪುತ್ತರಿ ಹಬ್ಬದ ತನಕ ಒಂದು, ನಡುವೆ ಒಂದೆರಡು ಮಳೆ ಬಂದರೂ ನಡೆಯುತ್ತದೆ. ಕೊಯ್ಲು ಮುಗಿದ ಮೇಲೆ ಕಾಫಿಯ ಹೂ ಮಳೆಯ ಆಸುಪಾಸಿನಲ್ಲಿ ಇನ್ನೊಂದು. ಇಷ್ಟರಲ್ಲಿ ಮೂರು 1/72 ಮಾಡೆಲ್‌ಗೆ ಬಣ್ಣ ಹಚ್ಚಿ ಮುಗಿಸಬಹುದು. 1/32 ವಿಮಾನ ಹಿಡಿದರೆ ಅದೊಂದೇ ಮುಂದಿನ ವರ್ಷಕ್ಕೆ ಹೋಗುತ್ತದೆ. ಮಕ್ಕಳ ಆಸಕ್ತಿ ಅಷ್ಟು ದಿನ ಕಾಯುವುದಿಲ್ಲ.

ಡೀಕಾಲ್, ಅಂದರೆ ಮಾಡೆಲ್ ಮೇಲೆ ಅಂಟಿಸುವ ಗುರುತು, ಅಂಕಿಗಳ ಬಗ್ಗೆ ಒಂದು ಮಾತು. ಕಿಟ್ ಬಂದ ದಿನವೇ ಡೀಕಾಲ್ ಹಾಳೆಯನ್ನು ಜಿಪ್ ಕವರ್‌ನಲ್ಲಿ ಹಾಕಿ ಸಿಲಿಕಾ ಜೆಲ್ ಜೊತೆ ಕಬ್ಬಿಣದ ಬೀರುವಿನಲ್ಲಿ ಇಡಿ. ಡಬ್ಬದೊಳಗೇ ಬಿಟ್ಟರೆ ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿಯಬಹುದು. ಭಾರತದ ವಾಯುಪಡೆಯ ಗುರುತಿನ ಡೀಕಾಲ್ ಮತ್ತೆ ಹುಡುಕುವುದು ಸುಲಭ ಅಲ್ಲ.

ಈಗ ಅಜ್ಜನ ಗನ್. ಎಲ್ಲ 1/72 ಅಂತ ಹೇಳಿ ಇದಕ್ಕೆ ಮಾತ್ರ 1/35 ಯಾಕೆ? ವಿಮಾನದಲ್ಲಿ ನಾವು ನೋಡುವುದು ಯಂತ್ರವನ್ನು. 25 ಪೌಂಡರ್‌ನಲ್ಲಿ ನೋಡಬೇಕಾದದ್ದು ಅದರ ಸುತ್ತ ಕೆಲಸ ಮಾಡುವ ಆರು ಜನರನ್ನು. ಒಬ್ಬರು ಗುರಿ ಹಿಡಿಯುತ್ತಾರೆ, ಒಬ್ಬರು ಗುಂಡು ತುಂಬುತ್ತಾರೆ, ಮಿಕ್ಕವರು ಮದ್ದುಗುಂಡು ಕೊಡುತ್ತಾರೆ. ಆರಡಿ ಮನುಷ್ಯ 1/72ರಲ್ಲಿ ಒಂದು ಇಂಚು. ನಿಂತ ಭಂಗಿ ಕಾಣುತ್ತದೆ, ಮುಖ ಕಾಣುವುದಿಲ್ಲ. 1/35ರಲ್ಲಿ ಅವರು 52 ಮಿ.ಮೀ. ಎತ್ತರ. ಮೀಸೆ ಬರೆಯಬಹುದು, ತೋಳಿನ ಪಟ್ಟಿ ಬರೆಯಬಹುದು, ಅಂಗಿಯ ತೋಳು ಮಡಚಿದ್ದು ತೋರಿಸಬಹುದು. ಮನೆಯವರು ಬಂದು "ಇವರೇನಾ ಅಜ್ಜ?" ಅಂತ ಕೇಳಬೇಕಾದರೆ ಈ ಗಾತ್ರ ಬೇಕೇ ಬೇಕು. ತಮಿಯಾದ 1/35 25 ಪೌಂಡರ್ ಹಳೆಯ ಕಿಟ್, ಆದರೆ ಗಟ್ಟಿ ಕಿಟ್. ಗನ್ ಉದ್ದ ಸುಮಾರು 130 ಮಿ.ಮೀ. ಬರುತ್ತದೆ. ಜೊತೆಗಿರುವ ಸೈನಿಕರು ಎರಡನೇ ಮಹಾಯುದ್ಧದ ಬ್ರಿಟಿಷರು. ತಲೆ, ಟೋಪಿ ಬದಲಾಯಿಸಿ ನಮ್ಮವರನ್ನಾಗಿ ಮಾಡಿಕೊಳ್ಳಬೇಕು.

ಇದನ್ನು ಶೋಕೇಸ್‌ನಲ್ಲಿ ವಿಮಾನಗಳ ನಡುವೆ ಇಡಬೇಡಿ. ಬೇರೆ ಗಾಜಿನ ಪೆಟ್ಟಿಗೆ, ಬೇರೆ ಮೇಜು. ನಿಮ್ಮ ಜೀಪು ಇದರ ಜೊತೆಗೇ ಹೋಗಲಿ, ಅದೂ 1/35 ತಾನೇ. ಸ್ಪಿಟ್‌ಫೈರ್ ಶೋಕೇಸ್‌ನಲ್ಲಿ ಉಳಿಯಲಿ, ನಮ್ಮ ವಾಯುಪಡೆಯೂ ಸ್ಪಿಟ್‌ಫೈರ್ ಹಾರಿಸಿದೆ. ಕಟ್ಟಿದ ಎರಡೂ ವ್ಯರ್ಥ ಆಗಲಿಲ್ಲ.

ಹೊಸ ಕಿಟ್ ತರಿಸುವ ಮೊದಲು ಎರಡು ಕೆಲಸ ಮಾಡಿ. ಹಳೆಯ ಪೇಪರ್‌ನಲ್ಲಿ ಆಯಾ ವಿಮಾನದ ಉದ್ದ, ಹರವಿನ ಅಳತೆಗೆ ಚೌಕ ಕತ್ತರಿಸಿ ಶೋಕೇಸ್ ಒಳಗೆ ಹಾಸಿ ನೋಡಿ. ಡಕೋಟಾ, ಹಂಟರ್, ಮಿಸ್ಟೇರ್, ಸ್ಟಾರ್‌ಫೈಟರ್, ನ್ಯಾಟ್ ಎಲ್ಲವನ್ನೂ ಒಟ್ಟಿಗೆ. ಎರಡನೆಯದು, ಮಗನನ್ನು ಕರೆದುಕೊಂಡು ಮಡಿಕೇರಿಯ ಸನ್ನಿ ಸೈಡ್‌ಗೆ ಹೋಗಿ. ತಿಮ್ಮಯ್ಯನವರ ಆ ಮನೆ 2021ರಿಂದ ಮ್ಯೂಸಿಯಂ. ಹೊರಗೆ ಇಟ್ಟಿರುವ ಟಿ-55 ಟ್ಯಾಂಕಿನ ಪಕ್ಕ ಅವನನ್ನು ನಿಲ್ಲಿಸಿ. ನೆಲದಿಂದ ಟರೆಟ್ ಮೇಲ್ತುದಿಯ ತನಕ ಎತ್ತರ ಸುಮಾರು 2.4 ಮೀಟರ್. 1/72ರಲ್ಲಿ ಅದು 33 ಮಿ.ಮೀ., 1/35ರಲ್ಲಿ 69. ಒಂದು ಅಡಿಪಟ್ಟಿ ಜೊತೆಗೆ ಒಯ್ದು ಅಲ್ಲೇ ತೋರಿಸಿ.

ಅಜ್ಜನ ಗನ್‌ಗೆ ಬಣ್ಣ ಹೇಳಬೇಕಾದರೆ ನನಗೆ ಅವರ ರೆಜಿಮೆಂಟ್ ಹೆಸರು, ಅವರು ಆ ಗನ್ ಮೇಲೆ ಇದ್ದ ವರ್ಷ, ಇದ್ದ ಜಾಗ ಬೇಕು. ಕಾಶ್ಮೀರದ ಬೆಟ್ಟದಲ್ಲೋ ಪಂಜಾಬಿನ ಬಯಲಲ್ಲೋ ಅನ್ನುವುದರ ಮೇಲೆ ಮಣ್ಣು, ಧೂಳು, ಸಮವಸ್ತ್ರ ಎಲ್ಲ ಬದಲಾಗುತ್ತದೆ. ಮನೆಯಲ್ಲಿ ಡಿಸ್ಚಾರ್ಜ್ ಬುಕ್ ಇದ್ದರೆ ಅದರಲ್ಲಿ ಇರುತ್ತದೆ. ಹಳೆಯ ಫೋಟೋ ಇದ್ದರೆ ಹಿಂಬದಿಯೂ ನೋಡಿ, ಸ್ಟುಡಿಯೋ ಮೊಹರು, ಊರು, ತಾರೀಕು ಇರಬಹುದು. ಅಷ್ಟು ಬರೆದು ಕಳಿಸಿ, ಗನ್‌ನ ಹಸಿರಿನಿಂದ ಹಿಡಿದು ಟೋಪಿಯ ತನಕ ಹೇಳುತ್ತೇನೆ.